ಮನೆ–ಮಂದಿ: ಈ ಕೂಸಿಗೆ ಯಾವ ಸಾಲಿ?



ಚಳಿಗಾಲಕ್ಕೆ ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ ಮಾಡುವ ಬಗೆಯನ್ನು ಈ ಸಂಚಿಕೆಯಲ್ಲಿ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ಸಂಚಿಕೆಗೆ ಹಾಕಿದ್ದೇನೆ, ಬೇಸರಪಡಬೇಡಿ. ಮೊನ್ನೆ ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಖಾನಾಪುರದಿಂದ ನಮ್ಮ ಕಾಕು ಫೋನ್ ಮಾಡಿದ್ದರು. “ಇವತ್ತ ಅಂಗಿ ಗುಂಡಿ ತಾನ ಹಾಕ್ಕೊಂಡ ನೋಡವಾ” ಎಂದಷ್ಟೇ ಹೇಳಿ, ಮುಂದೆ ಮಾತು ಬಾರದೆ ಫೋನ್ ಇಟ್ಟುಬಿಟ್ಟರು. ಒಂದು ಗುಂಡಿಗೆ ಇಷ್ಟು ಸಂತೋಷವೇ ಎಂದು ನೀವು ಕೇಳಬಹುದು. ಆ ಕಥೆಯನ್ನೇ ಇಂದು ಹೇಳುತ್ತೇನೆ. ನಿಮ್ಮಲ್ಲಿ ಹಲವರು, “ಮಗುವಿಗೆ ಬುದ್ಧಿ ಬೆಳವಣಿಗೆ ನಿಧಾನ, ಯಾವ ಶಾಲೆಗೆ ಹಾಕಲಿ?” ಎಂದು ಪತ್ರ ಬರೆದಿದ್ದೀರಿ. ಅದಕ್ಕೂ ಇದೇ ಉತ್ತರವಾದೀತು.

ಕಳೆದ ಮೇ ತಿಂಗಳ ಕೊನೆಯ ಮಾತು. ಕಾಕಾನ ಸೊಸೆ, ನಾನು ತಂಗಿ ಎಂದೇ ಕರೆಯುವವಳು, ಏಳು ವರ್ಷದ ಮಗನ ಕೈ ಹಿಡಿದುಕೊಂಡು ಬೆಳಗಾವಿಯ ನಮ್ಮ ಮನೆಗೆ ಬಂದಳು. ಮಗು ಹುಟ್ಟಿದಾಗಲೇ ವೈದ್ಯರು ಡೌನ್ ಸಿಂಡ್ರೋಮ್ ಎಂದು ಹೇಳಿದ್ದರು. ಚಹಾ ಮುಟ್ಟುವ ಮೊದಲೇ ಆಕೆ ಮಾತು ತೆಗೆದಳು.

“ಅಕ್ಕಾರ, ಇವನ್ನ ಛಲೋ ಸಾಲಿಗೆ ಹಾಕಬೇಕ್ರಿ. ಯಾವ ಸಾಲಿ ಅಂತ ನೀವ ಹೇಳ್ರಿ.”

“ಈಗ ಹೋಗ್ತಾನಲ್ಲ ತಂಗಿ?”

“ಹೋಗ್ತಾನ್ರಿ. ಹಿಂದ ಮೂಲ್ಯಾಗ ಕುಂಡರತಾನ. ಅಕ್ಕೋರು ಛಲೋ ಅದಾರ. ಆದ್ರ ಅಷ್ಟ ಹುಡುಗರ ನಡುವ ಅವರರ ಏನ ಮಾಡ್ತಾರ? ಕರದ್ರ ತಿರಗಿ ನೋಡಂಗಿಲ್ಲ ಇವ. ಬರೇ ಹಠ.”

ಮನೆಯಲ್ಲಿ ಮೂವರದು ಮೂರು ಮಾತು. ಗಂಡ ಯಾವುದೋ ವಸತಿ ಶಾಲೆಯ ಬಣ್ಣದ ಚೀಟಿ ತಂದಿಟ್ಟಿದ್ದಾನೆ. ಅಲ್ಲಿ ಬಿಟ್ಟರೆ ಎಲ್ಲ ಅವರೇ ನೋಡಿಕೊಳ್ಳುತ್ತಾರಂತೆ. ನಮ್ಮ ಕಾಕು, “ದೇವರು ಕೊಟ್ಟಾನ, ಮನ್ಯಾಗ ಇರಲಿ. ಅವಂಗ ಸಾಲಿ ಯಾಕ?” ಎನ್ನುತ್ತಾರೆ. ಎಲ್ಲರ ಮಕ್ಕಳಂತೆ ಇವನೂ ಓದಿ ಬರೆಯಬೇಕೆಂಬುದು ತಾಯಿಯ ಆಸೆ. ಎಂಟನೇ ಇಯತ್ತೆಯಲ್ಲಿರುವ ಮಗಳೊಬ್ಬಳಿದ್ದಾಳೆ, ಅವಳನ್ನು ಯಾರೂ ಕೇಳಿಲ್ಲ.

ನಾನು ಶಾಲೆಯ ಹೆಸರು ಹೇಳಲಿಲ್ಲ. ಒಂದು ನೋಟುಬುಕ್ಕು ಕೊಟ್ಟು, “ಕಿರಾಣಿ ಯಾದಿ ಬರದಂಗ ಬರಿ. ಒಂದು ಕಡೆ ಇವಂಗ ಏನೇನ ಬರತದ, ಇನ್ನೊಂದು ಕಡೆ ಏನೇನ ಬರಂಗಿಲ್ಲ” ಎಂದೆ. ಸಂಜೆಯವರೆಗೆ ಕುಳಿತು ಬರೆದಳು. ತಾನೇ ಉಣ್ಣುತ್ತಾನೆ. ಮನೆಮಂದಿಯ ಚಪ್ಪಲಿ ಗುರುತು ಹಿಡಿದು ಜೋಡಿಸುತ್ತಾನೆ. ಉಳ್ಳಾಗಡ್ಡಿ, ಬಟಾಟಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತಾನೆ. ಭಜನೆ ಕೇಳಿದರೆ ತಲೆದೂಗುತ್ತಾನೆ. ಇವು ಬರುವಂಥವು. ಬಾರದಿರುವುದು: ಗುಂಡಿ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಬೇಕೆಂದು ಹೊರಗಿನವರಿಗೆ ಹೇಳುವುದು, ರಸ್ತೆಗೆ ಓಡದೆ ನಿಲ್ಲುವುದು. ಮಾತು ಇಪ್ಪತ್ತು ಶಬ್ದಗಳಾದಾವು. ಅವೂ ಕಲಬೆರಕೆ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ. ಹಾಲಿಗೆ “ಹಾಲ”, ನೀರಿಗೆ “ಪಾಣಿ”.

ಸೋದರಿಯರೇ, ಈ ಯಾದಿಯೇ ಅರ್ಧ ದಾರಿ. ಮಗುವಿಗೆ ಮುಂದಿನ ಎರಡು ವರ್ಷದಲ್ಲಿ ಏನು ಬೇಕು ಎಂದು ಗೊತ್ತಾಗದೆ ಶಾಲೆ ಹುಡುಕುವುದೆಂದರೆ, ಅಳತೆ ತೆಗೆಯದೆ ಅಂಗಿ ಹೊಲಿಸಿದಂತೆ.

ಮೊದಲು ಕಿವಿ, ಕಣ್ಣು

ಶಾಲೆ ನೋಡುವ ಮುಂಚೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದೆವು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಥೈರಾಯ್ಡ್, ಕಣ್ಣು, ಕಿವಿಗಳ ತೊಂದರೆಯೂ ಸಾಮಾನ್ಯ. ಇವನ ಹೃದಯದ ಪರೀಕ್ಷೆ ಹಿಂದೆಯೇ ಆಗಿತ್ತು. ಕಿವಿಯ ಪರೀಕ್ಷೆ ಮಾತ್ರ ಒಮ್ಮೆಯೂ ಆಗಿರಲಿಲ್ಲ. ಕಿವಿಯ ವೈದ್ಯರು ನೋಡಿ, “ಎರಡೂ ಕಿವಿಯ ಪರದೆಯ ಹಿಂದೆ ದ್ರವ ಕಟ್ಟಿಕೊಂಡಿದೆ. ಮೆಲ್ಲಗೆ ಆಡಿದ ಮಾತು ಇವನಿಗೆ ಕೇಳುವುದಿಲ್ಲ” ಎಂದರು.

ತಂಗಿ ಕುರ್ಚಿಯಲ್ಲಿ ಕುಸಿದಳು. “ಕರದ್ರ ಬರೂದಿಲ್ಲ ಅಂತ ಎಷ್ಟ ಸರ್ತಿ ಬಡದೇನ್ರಿ ಅಕ್ಕಾರ ಈ ಕೂಸಿಗೆ” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಗು ಅವಳ ಮೊಣಕಾಲ ಮೇಲೆ ಕೈಯಿಟ್ಟು ನಿಂತಿತ್ತು. ಕೇಳದ ಮಗುವನ್ನು ನಾವೆಲ್ಲ ಸೇರಿ ಹಠಮಾರಿ ಮಾಡಿದ್ದೆವು. ಶಾಲೆಯಲ್ಲೂ ಹಿಂದಿನ ಮೂಲೆಯಲ್ಲೇ ಕೂರಿಸಿದ್ದರಲ್ಲ!

ಆದ್ದರಿಂದ ನನ್ನ ಮೊದಲ ಮಾತು ಇದು: ಮಾತು ತಡವಾದ, ಕರೆದರೆ ತಿರುಗದ ಮಗುವಿಗೆ ಯಾವ ಹೆಸರು ಇಡುವ ಮುಂಚೆಯೂ ಕಿವಿಯ ಪರೀಕ್ಷೆ ಮಾಡಿಸಿ. ಹಸುಗೂಸಿಗೂ ಮಲಗಿದಲ್ಲೇ ಮಾಡುವ ಪರೀಕ್ಷೆಗಳಿವೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಬರುವ ದಿನ ಕೇಳಿಟ್ಟುಕೊಂಡು ಅಂದು ಮಗುವನ್ನು ತಪ್ಪಿಸಬೇಡಿ.

ಎರಡು ಭಾಷೆಯಿಂದಲೇ ಮಾತು ತಡವಾಯಿತು, ಒಂದನ್ನು ಬಿಡಿಸಿ ಎಂದು ನೆರೆಯವರು ತಂಗಿಗೆ ಹೇಳಿದ್ದರು. ಹಾಗೇನಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರೆಂದು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಮಗುವಿಗೆ ಪ್ರೀತಿಯಿಂದ ಮಾತಾಡುವವರ ಭಾಷೆ ಕಿತ್ತುಕೊಳ್ಳಬಾರದು. ಆದರೆ ಶಾಲೆಯ ಅಕ್ಕೋರಿಗೆ ಮಗುವಿನ ಆ ಇಪ್ಪತ್ತು ಶಬ್ದಗಳು ತಿಳಿಯಬೇಕು. “ಪಾಣಿ” ಎಂದರೆ ನೀರು ಕೊಡುವವರು ಬೇಕು.

ಕಾಗದಪತ್ರ, ಕಾಯಿದೆ

ಎರಡನೇ ಕೆಲಸ ಪ್ರಮಾಣಪತ್ರ. ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆ, ಅಂದರೆ ಬಿಮ್ಸ್‌ನಲ್ಲಿ ವೈದ್ಯರು ಮಗುವನ್ನು ಪರೀಕ್ಷಿಸಿ ಅಂಗವೈಕಲ್ಯದ ಪ್ರಮಾಣ ನಿಗದಿ ಮಾಡುತ್ತಾರೆ. ಅದರ ಮೇಲೆ ಯುಡಿಐಡಿ ಎಂಬ ಗುರುತಿನ ಚೀಟಿ ಬರುತ್ತದೆ. ಬಸ್ ಪಾಸು, ಮಾಸಾಶನ, ಪರೀಕ್ಷೆಯಲ್ಲಿ ರಿಯಾಯಿತಿ, ಎಲ್ಲಕ್ಕೂ ಇದೇ ಆಧಾರ. ಹಳ್ಳಿಯವರಾದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅರ್ಜಿ ತುಂಬಿಸುವುದು ಅವರ ಕೆಲಸವೇ. ಸಂಕೋಚ ಬೇಡ.

“ಚೀಟಿ ಮಾಡಿಸಿದ್ರ ಮಗೀಗೆ ಹೆಸರು ಅಂಟತದ” ಎಂದು ಕಾಕು ಹೆದರಿದ್ದರು. ಓಣಿಯವರು ಅಂಟಿಸುವ ಹೆಸರಿಗಿಂತ ಸರಕಾರದ ಚೀಟಿ ವಾಸಿಯಲ್ಲವೇ? 1995ರ ಕಾಯಿದೆಯ ಜಾಗದಲ್ಲಿ 2016ರಲ್ಲಿ ಹೊಸ ಕಾಯಿದೆ ಬಂದಿದೆ. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೇಳಿದೆ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮನೆ ಹತ್ತಿರದ ಶಾಲೆಯಾಗಲಿ, ವಿಶೇಷ ಶಾಲೆಯಾಗಲಿ, ಆಯ್ಕೆ ನಮ್ಮದು. ಸರಕಾರಿ ಶಾಲೆಯವರು “ಇಂಥ ಮಗು ಬೇಡ” ಎಂದು ಬಾಗಿಲು ಹಾಕುವಂತಿಲ್ಲ.

ಎಲ್ಲ ಮಕ್ಕಳಿಗೂ ಒಂದೇ ಶಾಲೆಯಲ್ಲ

ವಿಶೇಷ ಶಾಲೆ ಎಂದರೆ ಒಂದೇ ಬಗೆಯದಲ್ಲ. ಕಣ್ಣು ಕಾಣದ ಮಗುವಿಗೆ ಬ್ರೈಲ್ ಕಲಿಸುವವರು ಬೇಕು. ಬೆಳಗಾವಿಯಲ್ಲಿ ಮಾಹೇಶ್ವರಿ ಅಂಧ ಶಾಲೆ ಬಹುಕಾಲದಿಂದ ಹೆಸರಾಗಿದೆ. ಕಿವಿ ಕೇಳದ ಮಕ್ಕಳಿಗೆ ಸರಕಾರದ್ದೇ ಶಾಲೆ ಇಲ್ಲಿದೆ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಆರಾಧನಾದಂಥ ಶಾಲೆಗಳಿವೆ. ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿಯಲ್ಲಿ ಎಷ್ಟೋ ಮಕ್ಕಳ ಬುದ್ಧಿ ಚುರುಕಾಗಿಯೇ ಇರುತ್ತದೆ. ಅವರಿಗೆ ಬೇಕಾದದ್ದು ವ್ಯಾಯಾಮ ಚಿಕಿತ್ಸೆ, ಇಳಿಜಾರಿನ ಮೆಟ್ಟಿಲು, ಬರೆಯಲು ಹೆಚ್ಚು ಸಮಯ. ಅಕ್ಷರ ಮಾತ್ರ ತಿರುವುಮುರುವಾಗುವ ಮಗುವಿಗೆ ಸಾಮಾನ್ಯ ಶಾಲೆಯಲ್ಲೇ ಬೇರೆ ರೀತಿ ಕಲಿಸಿದರೆ ಸಾಕಾಗುತ್ತದೆ. ಅಂಥ ಮಗುವನ್ನು ಅವಸರದಲ್ಲಿ ವಿಶೇಷ ಶಾಲೆಗೆ ಕಳಿಸಬೇಡಿ.

ಖಾನಾಪುರದಂಥ ತಾಲೂಕು ಊರುಗಳಲ್ಲೂ ಏನೂ ಇಲ್ಲವೆಂದುಕೊಳ್ಳಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಇಂಥ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ. ಶಾಲೆಗೆ ಬರಲಾರದಷ್ಟು ತೊಂದರೆಯಿರುವ ಮಗುವಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣವೂ ಉಂಟು. ಕಚೇರಿಗೆ ಹೋಗಿ ಹೆಸರು ಬರೆಸಬೇಕು.

ಮೂರು ಶಾಲೆ ನೋಡಿದೆವು

ಯಾವ ಶಾಲೆಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನೀವು ನಿಮ್ಮ ಕಣ್ಣಿಂದ ನೋಡಬೇಕು.

ಮೊದಲನೆಯದು ಆ ಬಣ್ಣದ ಚೀಟಿಯ ವಸತಿ ಶಾಲೆ, ನಮ್ಮ ಜಿಲ್ಲೆಯ ಹೊರಗಿನದು. ದೊಡ್ಡ ಕಟ್ಟಡ, ಗಾಜಿನ ಕಪಾಟಿನ ತುಂಬ ಪಾರಿತೋಷಕ. ಮಕ್ಕಳು ಸಾಲಾಗಿ ನಿಂತು ಒಂದೇ ದನಿಯಲ್ಲಿ ನಮಸ್ಕಾರ ಹೇಳಿದರು. ಮಲಗುವ ಕೋಣೆ, ಅಡುಗೆಮನೆ ತೋರಿಸಿ ಎಂದರೆ “ಈಗ ಸಮಯವಲ್ಲ” ಎಂದರು. “ಬಿಟ್ಟು ಹೋಗಿ, ಮೂರು ತಿಂಗಳು ಬರಬೇಡಿ, ರೂಢಿಯಾಗುತ್ತದೆ” ಎಂದರು. ತಂಗಿಯ ಗಂಡ ಅಲ್ಲಿಯವರೆಗೆ ಸುಮ್ಮನಿದ್ದವನು, “ಇವಂಗ ರಾತ್ರಿ ನೀರಡಿಕಿ ಆದ್ರ ಯಾರನ್ನ ಕೇಳ್ತಾನ್ರಿ?” ಎಂದ. ಅದಕ್ಕೆ ಉತ್ತರ ಬರಲಿಲ್ಲ. ಹೊರಗೆ ಬಂದು ಅವನೇ ಆ ಚೀಟಿಯನ್ನು ಹರಿದು ಹಾಕಿದ.

ಎರಡನೆಯದು ನಗರದ ಒಂದು ಖಾಸಗಿ ಸಾಮಾನ್ಯ ಶಾಲೆ. “ಸೀಟು ಇದೆ, ಆದರೆ ಮಗುವಿನ ಪಕ್ಕ ಕೂರಲು ಒಬ್ಬರನ್ನು ನೀವೇ ಸಂಬಳ ಕೊಟ್ಟು ಇಡಬೇಕು” ಎಂದರು. ಪಕ್ಕ ಕೂತವರು ಏನು ಕಲಿಸಬೇಕು, ಯಾರು ಅದನ್ನು ನೋಡಬೇಕು ಎಂಬುದು ಅವರಿಗೂ ತಿಳಿದಿರಲಿಲ್ಲ.

ಮೂರನೆಯದು ಬಾಡಿಗೆ ಮನೆಯಲ್ಲಿರುವ ಸಣ್ಣ ವಿಶೇಷ ಶಾಲೆ. ಮಕ್ಕಳು ಸಂಜೆಗೆ ಮನೆಗೆ ಹೋಗುವಂಥದ್ದು. ಗೋಡೆಯ ಬಣ್ಣ ಹೋಗಿತ್ತು. ಆದರೆ ಅಲ್ಲಿಯ ಅಕ್ಕೋರು ನಮ್ಮ ಕಡೆ ನೋಡುವ ಮೊದಲು ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕುಳಿತು ಅವನ ಹೆಸರು ಕೇಳಿದರು. ಒಳಗೆ ಒಬ್ಬ ಹುಡುಗಿ ತಾಟು ಎಣಿಸಿ ಇಡುತ್ತಿದ್ದಳು. ಇನ್ನೊಬ್ಬ ಹುಡುಗ ಚಪಾತಿ ಲಟ್ಟಿಸುತ್ತಿದ್ದ. ಭೂಪಟದ ಆಕಾರ ಬಂದರೂ ಯಾರೂ ನಗಲಿಲ್ಲ. ತಂಗಿಯ ನೋಟುಬುಕ್ಕನ್ನು ಅಕ್ಕೋರು ಪೂರ್ತಿ ಓದಿದರು.

“ಓದು ಬರಹ ಎಷ್ಟು ಬಂದೀತು ಅಂತ ನಾನೀಗ ಹೇಳಲಾರೆ. ಆದರೆ ಆರು ತಿಂಗಳಲ್ಲಿ ಗುಂಡಿ, ಶೌಚ, ರಸ್ತೆಯಲ್ಲಿ ನಿಲ್ಲೋದು, ಈ ಮೂರರ ಮೇಲೆ ಕೆಲಸ ಮಾಡ್ತೀವಿ. ಪ್ರತಿ ತಿಂಗಳು ನೀವು ಬಂದು ನೋಡಬೇಕು” ಎಂದರು. ಮೂರು ಶಾಲೆಗಳಲ್ಲಿ ಸುಳ್ಳು ಭರವಸೆ ಕೊಡದವರು ಇವರೊಬ್ಬರೇ.

ನೀವು ಹೋದಾಗ ಕೇಳಬೇಕಾದದ್ದು

1. ಕಲಿಸುವವರು ವಿಶೇಷ ಶಿಕ್ಷಣದ ತರಬೇತಿ ಪಡೆದಿದ್ದಾರೆಯೇ? 1992ರ ಕಾಯಿದೆಯಂತೆ ಇಂಥ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ತಪ್ಪಲ್ಲ.

2. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಬಾಯಿಮಾತು ನಂಬದೆ ತರಗತಿಯಲ್ಲಿ ನಿಂತು ಎಣಿಸಿ.

3. ನನ್ನ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ ಇರುತ್ತದೆಯೇ? ನನಗೆ ಅದರ ಪ್ರತಿ ಕೊಡುತ್ತೀರಾ?

4. ಮಾತಿನ ಚಿಕಿತ್ಸೆ, ವ್ಯಾಯಾಮ ಚಿಕಿತ್ಸೆ ಕೊಡುವವರು ವಾರಕ್ಕೆ ಎಷ್ಟು ದಿನ ಬರುತ್ತಾರೆ?

5. ಶೌಚಕ್ಕೆ ಯಾರು ಕರೆದೊಯ್ಯುತ್ತಾರೆ? ಹೆಣ್ಣುಮಕ್ಕಳಿಗೆ ಹೆಂಗಸರೇ ಇದ್ದಾರೆಯೇ? ಶೌಚಾಲಯವನ್ನು ಕಣ್ಣಾರೆ ನೋಡಿ ಬನ್ನಿ.

6. ಫಿಟ್ಸ್ ಬಂದರೆ ಏನು ಮಾಡುತ್ತೀರಿ, ಔಷಧಿ ಯಾರು ಕೊಡುತ್ತಾರೆ?

7. ಮಗು ಹಠ ಮಾಡಿದರೆ ಏನು ಶಿಕ್ಷೆ? ಹೊಡೆಯುತ್ತೇವೆ, ಕೋಣೆಯಲ್ಲಿ ಕೂಡಿಹಾಕುತ್ತೇವೆ ಎಂದರೆ ಎದ್ದು ಬನ್ನಿ.

8. ಹೇಳದೆ ಕೇಳದೆ ಬಂದರೂ ಮಗುವನ್ನು ನೋಡಲು ಬಿಡುತ್ತೀರಾ?

9. ಹದಿನೆಂಟು ತುಂಬಿದ ಮೇಲೆ ಇಲ್ಲಿಯ ಮಕ್ಕಳು ಏನು ಮಾಡುತ್ತಿದ್ದಾರೆ?

10. ಫೀ ಎಷ್ಟು, ರಸೀದಿ ಉಂಟೇ?

ಎಂಟನೆಯ ಪ್ರಶ್ನೆಗೆ ಮುಖ ಸಿಂಡರಿಸುವ ಶಾಲೆಯಾದರೆ ಉಳಿದ ಒಂಬತ್ತನ್ನು ಕೇಳುವ ಅಗತ್ಯವಿಲ್ಲ.

ಇಪ್ಪತ್ತಾರು ಕಿಲೋಮೀಟರ್

ಶಾಲೆ ಸಿಕ್ಕಿತು. ಆದರೆ ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ತಾಯಿ ದಿನಾ ಹೋಗಿಬಂದರೆ ಮನೆ ನಡೆಯುವುದು ಹೇಗೆ? ಮನೆಯನ್ನೇ ಬೆಳಗಾವಿಗೆ ತಂದರೆ ಗಂಡನ ಅಂಗಡಿ, ಮಗಳ ಶಾಲೆ ಏನಾಗಬೇಕು? ಅಂದು ರಾತ್ರಿ ಎಲ್ಲರೂ ಕುಳಿತು ಮಾತಾಡಿದರು. ಆಗ ಮಗಳು ಮೊದಲ ಬಾರಿ ಬಾಯಿ ಬಿಟ್ಟಳು. “ಅವ್ವಾ, ನೀ ಬೆಳಗಾವಿಗೆ ಹೋದ ದಿನ ಅಡಗಿ ನಾನ ಮಾಡಬೇಕನು? ನನಗೂ ಸಾಲಿ ಐತಿ.” ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಇಂಥ ಮಗುವಿನ ಅಕ್ಕ-ತಂಗಿಯರು ಕೇಳದೆಯೇ ದೊಡ್ಡವರಾಗಿಬಿಡುತ್ತಾರೆ. ಅದನ್ನು ನಾವು ಅವರ ಒಳ್ಳೆಯತನವೆಂದು ಹೊಗಳಿ ಸುಮ್ಮನಾಗುತ್ತೇವೆ.

ಹೊಗೆಯ ಹಾಗೆ ಮೌನ ಕವಿದಾಗ, ಶಾಲೆಯೇ ಬೇಡವೆಂದಿದ್ದ ನಮ್ಮ ಕಾಕು ಎದ್ದರು. “ನಾ ಕರಕೊಂಡು ಹೋಗ್ತೇನಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಿ. ದೇವರ ಗುಡಿಗೆ ಹೋಗಾಕ ಮೊಣಕಾಲು ನಡೀತಾವ, ಮೊಮ್ಮಗನ ಸಾಲಿಗೆ ನಡ್ಯಾಂಗಿಲ್ಲನು?” 2023ರ ಜೂನ್‌ನಿಂದ ನಡೆದಿರುವ ಶಕ್ತಿ ಯೋಜನೆ ಹೀಗೊಂದು ಕೂಸನ್ನು ಶಾಲೆಗೆ ಮುಟ್ಟಿಸಿತು. ಮಗುವಿಗೆ ಅಂಗವಿಕಲರ ರಿಯಾಯಿತಿ ಪಾಸು ಮಾಡಿಸಿದೆವು. ಅದು ಮನೆಯಿಂದ 100 ಕಿಲೋಮೀಟರ್ ವರೆಗೆ ನಡೆಯುತ್ತದೆ.

ಕೊನೆಗೆ ಆದ ಏರ್ಪಾಡು ಇದು. ವಾರದಲ್ಲಿ ಮೂರು ದಿನ ಅಜ್ಜಿಯ ಜೊತೆ ಬೆಳಗಾವಿಯ ವಿಶೇಷ ಶಾಲೆ. ಉಳಿದ ದಿನ ಖಾನಾಪುರದ ತನ್ನ ಶಾಲೆ, ಆದರೆ ಈಗ ಮುಂದಿನ ಸಾಲಿನಲ್ಲಿ, ಅಕ್ಕೋರ ಎದುರಿಗೆ. ಎರಡೂ ಶಾಲೆಯವರು ಒಪ್ಪಿದರು. ಕಿವಿಗೆ ಚಿಕಿತ್ಸೆ ನಡೆಯಿತು. ಭಾನುವಾರ ಮಧ್ಯಾಹ್ನ ತಾಯಿ ಮಗಳ ಪಾಲಿಗೆ. ಆ ಹೊತ್ತು ತಮ್ಮನನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ. ಒಂದು ವರ್ಷ ಹೀಗೆ ನಡೆಸಿ ಮತ್ತೆ ಯಾದಿ ಬರೆಯುವುದೆಂದು ಮಾತಾಯಿತು. ಇದೇ ಎಲ್ಲರಿಗೂ ಸರಿಯೆಂದು ನಾನು ಹೇಳುವುದಿಲ್ಲ. ಶಾಲೆ ಆರಿಸುವುದು ಲಗ್ನದ ಗಂಟಲ್ಲ. ಮಗು ಬೆಳೆದಂತೆ ಬದಲಿಸಬಹುದು.

ಮನೆಯ ಪಾಠ

ಗುಂಡಿ ಹಾಕಲು ಕಲಿಸಿದ್ದು ಹೇಗೆಂದು ಕೇಳಿದೆ. ಅಕ್ಕೋರು ಕಾಕುಗೆ ಹೇಳಿಕೊಟ್ಟ ಉಪಾಯ ನಿಮಗೂ ಉಪಯೋಗವಾದೀತು. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ, ಕೊನೆಯ ಹೆಜ್ಜೆಯನ್ನು ಮೊದಲು ಕಲಿಸಬೇಕು. ಎಲ್ಲ ಗುಂಡಿ ನೀವೇ ಹಾಕಿ. ಕೊನೆಯದನ್ನು ಅರ್ಧ ತೂರಿಸಿ, ಎಳೆಯುವುದಷ್ಟೇ ಮಗುವಿನ ಪಾಲು. “ನಾನೇ ಮುಗಿಸಿದೆ” ಎಂಬ ಹಿಗ್ಗು ದಿನಾ ಸಿಗುತ್ತದೆ. ಅದು ಬಂದ ಮೇಲೆ ತೂರಿಸುವುದನ್ನೂ ಬಿಡಿ, ಆಮೇಲೆ ಎರಡನೇ ಗುಂಡಿ. ಅಭ್ಯಾಸಕ್ಕೆ ಅಜ್ಜನ ಹಳೇ ಅಂಗಿ ಒಳ್ಳೆಯದು, ಅದರ ಗುಂಡಿ ದೊಡ್ಡದು, ಕಾಜು ಸಡಿಲು. ಐದು ತಿಂಗಳು ಹಿಡಿಯಿತು. ಕುಂಬಾರರ ಊರಿನವರಿಗೆ ಹೇಳಬೇಕೆ, ಗಡಿಗೆ ಆಗಲು ಎಷ್ಟು ದಿನವೆಂದು?

ನಾನಿಲ್ಲದ ಮೇಲೆ?

ತಂಗಿ ಕೊನೆಗೆ ಕೇಳಿದ್ದು, ನೀವೆಲ್ಲ ರಾತ್ರಿ ಮಗ್ಗುಲು ಬದಲಿಸುತ್ತ ಕೇಳಿಕೊಳ್ಳುವ ಮಾತು. “ನಾ ಸತ್ತ ಮ್ಯಾಲೆ ಯಾರ್ರೀ ಅಕ್ಕಾರ?” ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಕೆಲವು ಆಸರೆಗಳಿವೆ, ತಿಳಿದಿರಲಿ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ಕೊರತೆ ಮತ್ತು ಬಹುವಿಧ ವೈಕಲ್ಯ ಇರುವವರಿಗಾಗಿ ಆದದ್ದು. ಮಗುವಿಗೆ ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಇದೇ ಕಾಯಿದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆಯೂ ಇದೆ, 1 ಲಕ್ಷ ರೂಪಾಯಿಯವರೆಗೆ.

ಕಾಯಿದೆಗಿಂತ ದೊಡ್ಡ ಆಸರೆ ಇನ್ನೊಂದಿದೆ. ಮಗು ತಾನೇ ಉಡಲು, ಉಣ್ಣಲು, ಹಸಿವೆ ನೋವು ಹೇಳಿಕೊಳ್ಳಲು ಕಲಿತಷ್ಟೂ ಅದನ್ನು ಪ್ರೀತಿಯಿಂದ ಇಟ್ಟುಕೊಳ್ಳುವವರಿಗೆ ಭಾರ ಕಡಿಮೆ. ಇಂದಿನ ಒಂದು ಗುಂಡಿ ನಾಳೆಯ ಆ ದಿನಕ್ಕೆ ಕಟ್ಟಿಕೊಟ್ಟ ಬುತ್ತಿ. ಕಾಕು ಫೋನಿನಲ್ಲಿ ಅತ್ತದ್ದು ಅದಕ್ಕೇ ಇರಬೇಕು.

ಫೋನ್ ಇಟ್ಟವರು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದರು. “ಹೇಳೂದ ಮರತೆ. ಬಸ್ಸಿನ್ಯಾಗ ಕಂಡಕ್ಟರ್ ‘ಎಲ್ಲಿಗಜ್ಜಿ?’ ಅಂತ ಕೇಳಿದ. ನಾ ಬಾಯಿ ತೆಗಿಯೂದರಾಗ ಇವನ ‘ಸಾಲಿ’ ಅಂದುಬಿಟ್ಟ!”

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಮಗು ಇದ್ದರೆ, ನೀವು ಮಾಡಿದ ಉಪಾಯ, ಪಟ್ಟ ಪಾಡು ನಮಗೆ ಬರೆಯಿರಿ. ಬೇರೆ ತಾಯಂದಿರಿಗೆ ದಾರಿಯಾದೀತು. ಹೆಸರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಎಳ್ಳು ಹೋಳಿಗೆ ಖಂಡಿತ.

ನಿಮ್ಮ,
ಅಕ್ಕ